ಕಂಗ್ಟಿ ರೋಡ್ ಸರಿ ಇಲ್ಲ

ಮೊದಲ ಆಯ್ಕೆಯ ಜಾಗದಲ್ಲಿ ಶಿಲ್ಪಾರಾಣಿ ‘ದಿಲ್ಲಿ’ ಎಂದು ಒತ್ತುವಷ್ಟರಲ್ಲಿ ಅಪ್ಪ ಮೊಗಲಪ್ಪ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟ. “ತಡಿ. ಹೈದರಾಬಾದ್ ಬ್ಯಾಡಂತ ಯಾರ್ ಹೇಳಿದ್ರು ನಿನಗ?”

“ನಂದಕಿಶೋರ. ನನ್ನ ಜೋಡಿ ಪೈಲಟ್. ಅಲ್ಲಿಂದ ವಿಮಾನ ಬಿಡೋದು ಬರೋ ವರ್ಷ ಬಂದ್ ಮಾಡ್ತಾರಂತ.”

ಕಂಪನಿ ತನ್ನ ಸಣ್ಣ ವಿಮಾನಗಳನ್ನೆಲ್ಲ ತೆಗೆಯುತ್ತಿತ್ತು. ಮುಂದೆ ಯಾವ ವಿಮಾನ, ಯಾವ ಊರು ಬೇಕೆಂದು ಪೈಲಟ್‌ಗಳು ಸಂಜೆ ಐದರೊಳಗೆ ತಿಳಿಸಬೇಕಿತ್ತು. ಸೇವೆಯಲ್ಲಿ ಹಿರಿಯರು ಕೇಳಿದ್ದು ಮೊದಲು. ಹೈದರಾಬಾದ್ ಸಿಕ್ಕರೆ ಅವಳು ಪ್ರತಿ ರಜೆಗೂ ಇಲ್ಲಿ ನಾರಾಯಣಖೇಡಕ್ಕೆ ಬಂದು, ಅಪ್ಪನ ಬಳಿ ಬೆಳೆಯುತ್ತಿದ್ದ ಮೂರು ವರ್ಷದ ಮಗಳನ್ನು ಎತ್ತಿಕೊಳ್ಳಬಹುದು. ದಿಲ್ಲಿಯಾದರೆ ತಿಂಗಳಿಗೊಮ್ಮೆ.

“ಹಿರಿತನದ ಪಟ್ಟಿ ತೆಗಿ,” ಎಂದ ಮೊಗಲಪ್ಪ. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿದವನು. “ಅವನ ನಂಬರ್ ಎಷ್ಟದ?”

ಅವಳು ಪಟ್ಟಿಯನ್ನು ಫೋನಿನಲ್ಲಿ ತೆಗೆದಳು. ಅವಳದು ನಾನೂರ ಹನ್ನೆರಡು. ನಂದಕಿಶೋರನದು ನಾನೂರ ಹದಿಮೂರು.

“ಅವ ಹಂಗಲ್ಲ ಅಪ್ಪಾ. ಮಗಳ ಹುಟ್ಟಿದಹಬ್ಬಕ್ಕ ಇಲ್ಲಿತನಕ ಬಂದಿದ್ದ. ನಿನಗ ಮಲಗಿದ ಬೆಕ್ಕಿನ ಮ್ಯಾಲೂ ಅನುಮಾನ.”

ಮೊಗಲಪ್ಪ ಕೈ ತೆಗೆಯಲಿಲ್ಲ. “ಕಂಗ್ಟಿ ರೋಡ್ ಸರಿ ಇಲ್ಲ, ಆ ಡ್ಯೂಟಿ ಕೇಳಬ್ಯಾಡ ಅಂತ ಡಿಪೋದಾಗ ಡ್ರೈವರ್ ಶರಣಪ್ಪಗೂ ಹಿಂಗೇ ಹೇಳಿದ್ರು. ಸಂಜಿಗೇ ಮನಿಗಿ ಬರೋ ಡ್ಯೂಟಿ ಅದು. ಪಾಪ, ನಂಬಿ ಬಿಟ್ಟುಕೊಟ್ಟ.”

“ಯಾರು ಹೇಳಿದ್ರು?”

ಮೊಗಲಪ್ಪ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳ ಕಡೆ ನೋಡಿದ.

“ಅವಾಗ ನೀನೂ ಅಷ್ಟೇ ಇದ್ದಿ,” ಎಂದ. “ಶರಣಪ್ಪ ನನಕಿಂತ ಒಂದೇ ನಂಬರ್ ಮ್ಯಾಲಿದ್ದ.”