ಸದ್ದು ಮುಗಿದ ಮೇಲೆ ಗಟ್ಟಿಮೇಳ

ನನ್ನ ಮದುವೆಯ ಛತ್ರಕ್ಕೆ ಶಬ್ದಮಂಡಳಿ ಬಿಡುವುದು ದಿನಕ್ಕೆ ಎರಡು ಗಂಟೆಯ ಸದ್ದು. ವರನ ಸೋದರಮಾವ ಸ್ವಾಗತ ಭಾಷಣದಲ್ಲೇ ಹೆಚ್ಚುಕಡಿಮೆ ಅಷ್ಟನ್ನೂ ತಿಂದುಹಾಕಿದ್ದರು. ಗೋಡೆಯ ಮೀಟರಿನಲ್ಲಿ ಉಳಿದದ್ದು ಇಪ್ಪತ್ತು ಸೆಕೆಂಡು.

“ಗಟ್ಟಿಮೇಳ ಇಲ್ದೆ ತಾಳಿ ಕಟ್ಟೋಕಾಗುತ್ತಾ? ಮದುವೆ ನಾಳೆಗಿಟ್ಕೊಳೋಣ,” ಎಂದರು ಅವರೇ.

ನನ್ನ ಚಿಕ್ಕಮ್ಮ ಇಂದುಮತಿ ಮೈಕು ಕಸಿದುಕೊಂಡಳು. “ಮದುವೆ ಇವತ್ತೇ, ಬೀಗರೇ. ಪುರೋಹಿತರು ಬೆರಳೆತ್ತಿದ ತಕ್ಷಣ ಎಲ್ರೂ ಜೋರಾಗಿ ನೆಲ ತುಳೀರಿ!”

ಅಷ್ಟಕ್ಕೆ ಸದ್ದು ಹೋಯಿತು. ಓಲಗದವರು ಊದುತ್ತಲೇ ಇದ್ದರು, ಏನೂ ಕೇಳಿಸಲಿಲ್ಲ.

ಪುರೋಹಿತರ ಬೆರಳು ಮೇಲೆದ್ದಿತು. ಆರುನೂರು ಬರಿಗಾಲುಗಳು ಒಟ್ಟಿಗೆ ನೆಲಕ್ಕೆ ಬಡಿದವು, ಮತ್ತೆ ಮತ್ತೆ ಬಡಿದವು. ನನ್ನ ಕೊರಳಿಗೆ ತಾಳಿ ಬೀಳುವಾಗ ಅಂಗಾಲಿನಿಂದ ಎದೆಯವರೆಗೂ ಗಟ್ಟಿಮೇಳ ಏರಿ ಬಂತು.

ಗೋಡೆಯ ಮೀಟರು ಕಳಚಿ ಬಿದ್ದು ಚೂರಾಯಿತು. ಅದು ಬಿದ್ದದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.