ಬೇಕೆಂದೇ ಬಿಟ್ಟ ತಪ್ಪು

"ಇವತ್ತು ಏನಂತ ಬೈದಿದಾನೋ?"

ಅಮ್ಮ ಕೇಳಿದ್ದು ಗೋಡೆಯನ್ನು. ಕೈಯಲ್ಲಿ ಅರ್ಧ ಮಡಿಸಿದ ಟವೆಲು, ಕಿವಿ ಮಾತ್ರ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಕಡೆ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡಿ ಆಗಷ್ಟೇ ಬಂದ ಮಗಳು ಇನ್ನೂ ಚಪ್ಪಲಿ ಕಳಚುತ್ತಿದ್ದಳು.

"ಮುಖ ತೊಳ್ಕೊಂಡು ಬರ್ತೀನಿ ತಾಳಮ್ಮ."

"ನಿನ್ನ ಮುಖ ಎಲ್ಲಿಗೂ ಓಡಿಹೋಗಲ್ಲ. ಮೊದಲು ಓದು."

ಬೈಯುವವನು ಅಮ್ಮನ ಮಗ, ಇವಳ ಅಣ್ಣ. ಒಬ್ಬರ ಮುಖ ಒಬ್ಬರು ಕಾಣದ ಹತ್ತಾರು ಜನ ಸಂಬಳವಿಲ್ಲದೆ ದುಡಿದು ಕಟ್ಟುತ್ತಿರುವ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಅವನು ಹಿರಿಯ. ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರಿಗೆ ಯಾರು ಏನು ತಿದ್ದಿ ಕಳಿಸಿದರೂ ಅವನು ಸಾಲುಸಾಲಾಗಿ ಓದಿ, ಕುಂದು ಹುಡುಕಿ, ಒಪ್ಪಿದ ಮೇಲೆಯೇ ಅದು ಒಳಕ್ಕೆ. ಅಪ್ಪ ಕಾಯಿಲೆ ಬಿದ್ದದ್ದನ್ನು ಮನೆಯವರು ಅವನಿಂದ ಮುಚ್ಚಿಟ್ಟಿದ್ದರು. ಅಪ್ಪನೇ ಆಣೆ ಹಾಕಿಸಿದ್ದ. ಅಪ್ಪ ತೀರಿಕೊಂಡು ಎಲ್ಲ ಮುಗಿದ ಮೇಲೆ ಬಂದವನು ಬಾಗಿಲಲ್ಲೇ ನಿಂತು, "ಇನ್ನು ನೀವು ಯಾರೂ ನನ್ನನ್ನ ಮಾತಾಡಿಸಬೇಡಿ" ಎಂದು ಹೊರಟುಹೋದ. ಫೋನು ಎತ್ತಲಿಲ್ಲ. ಬರೆದ ಕಾಗದಕ್ಕೆ ಉತ್ತರವಿಲ್ಲ. ಕೊನೆಗೆ ತಂಗಿ 'ಮಿಂಚುಹುಳ' ಎಂದು ಹೆಸರಿಟ್ಟುಕೊಂಡು ಆ ಕಂಪೈಲರಿಗೆ ತಾನೂ ತಿದ್ದುಪಡಿ ಕಳಿಸತೊಡಗಿದಳು. ತಂಗಿಗೆ ಬರೆಯದವನು ಮಿಂಚುಹುಳಕ್ಕೆ ಬರೆಯುತ್ತಾನೆ.

ಅವನು ಉತ್ತರ ಬರೆಯುವ ಇಂಗ್ಲಿಷು ಅಮ್ಮನಿಗೆ ಬಾರದು. ಮಗಳು ಒಂದೊಂದು ಸಾಲನ್ನೂ ಮನೆಮಾತಿಗೆ ತಿರುಗಿಸಿ ಓದುತ್ತಾಳೆ. ಪದ್ಯ ಓದಿಸಿ ಅರ್ಥ ಕೇಳುವವರ ಹಾಗೆ ಅಮ್ಮ ಕಣ್ಣು ಮುಚ್ಚಿ ತಲೆದೂಗುತ್ತಾಳೆ. 'ಇದನ್ನು ಬರೆಯುವಾಗ ತೂಕಡಿಸುತ್ತಿದ್ದಿರಾ?' ಎಂದು ಅವನು ಕೇಳಿದ ದಿನ ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು. ತಪ್ಪಿಲ್ಲದ ಕೆಲಸಕ್ಕೆ ಮಾತ್ರ ಅವನದು ಒಂದೇ ಮಾತು, 'ಸರಿ'. ಅಷ್ಟರಿಂದ ಅಮ್ಮನ ಹೊಟ್ಟೆ ತುಂಬದು. ಆದ್ದರಿಂದ ಕಷ್ಟದ ಗಂಟನ್ನೆಲ್ಲ ಬಿಡಿಸಿ, ಎಲ್ಲೋ ಮೂಲೆಯಲ್ಲಿ ಬೇಕೆಂದೇ ಒಂದು ಸಣ್ಣ ತಪ್ಪು ಬಿಟ್ಟು ಕಳಿಸುವ ವಿದ್ಯೆಯನ್ನು ಮಗಳು ಕಲಿತಳು.

"ಈ ಸಲ ತಪ್ಪು ಬಿಟ್ಟಿದೀಯ ತಾನೆ?"

"ಎರಡು ಬಿಟ್ಟಿದೀನಿ."

"ಜಾಣೆ."

ಪ್ರೋಗ್ರಾಮು ಎಲ್ಲಾದರೂ ಕೆಟ್ಟಾಗ, ಕೆಟ್ಟ ಸಾಲನ್ನು ಬಿಟ್ಟು ಪಕ್ಕದ ಸಾಲನ್ನು ದೂರುತ್ತಿತ್ತು ಕಂಪೈಲರು. ಮಗಳು ಅದನ್ನು ಸರಿಮಾಡಿ ಕಳಿಸಿದ್ದಳು. ಉತ್ತರ ಈ ಬಾರಿ ಉದ್ದವಿತ್ತು. ಉದ್ದ ಕಂಡೇ ಅಮ್ಮ ಕುರ್ಚಿ ಎಳೆದುಕೊಂಡಳು.

"'ಮಿಂಚುಹುಳ ಅವರೇ, ಎರಡು ತಪ್ಪನ್ನೂ ನಾನೇ ತಿದ್ದಿ ಸೇರಿಸಿದ್ದೇನೆ. ನಿಮ್ಮದು ಸೋಜಿಗ. ಬೆಟ್ಟ ಹತ್ತಿ ಇಳಿದು ಬರುತ್ತೀರಿ, ಅಂಗಳದಲ್ಲಿ ಎಡವುತ್ತೀರಿ. ಇವು ಕೆಲಸ ತಿಳಿಯದವರ ತಪ್ಪುಗಳಲ್ಲ. ಹಿಂದೆ ನೋಡುವವನು ಒಬ್ಬನಿದ್ದಾನೆ ಎಂಬ ಧೈರ್ಯದಿಂದ ಮಾಡಿದ ತಪ್ಪುಗಳು.'"

"ಅಯ್ಯೋ, ಕಂಡುಹಿಡಿದುಬಿಟ್ನೇನೇ?"

"ಇಲ್ಲಮ್ಮ, ಇನ್ನೂ ಇದೆ. 'ಅದಕ್ಕೇ ಒಂದು ಕೋರಿಕೆ. ಕಂಪೈಲರಿಗೆ ನೇರವಾಗಿ ಸೇರಿಸುವ ಅಧಿಕಾರವನ್ನು ನಿಮಗೇ ಕೊಡುತ್ತೇನೆ. ಇನ್ನು ನಿಮ್ಮ ಕೆಲಸ ನನ್ನ ಮುಂದೆ ಬರಬೇಕಾಗಿಲ್ಲ. ನಾನು ಓದಬೇಕಾದ್ದು ರಾಶಿ ಬಿದ್ದಿದೆ, ಒಂದಿಷ್ಟು ಹೊರೆ ಇಳಿಯುತ್ತದೆ. ದಯವಿಟ್ಟು ಒಪ್ಪಿಕೊಳ್ಳಿ.'"

ಅಮ್ಮ ಟವೆಲನ್ನು ಎದೆಗೆ ಅವಚಿಕೊಂಡಳು. "ಬಡ್ತಿ ಕೊಟ್ಟನಲ್ಲೇ! ತಂಗಿ ಅಂತ ಗೊತ್ತಿಲ್ದೇನೆ ಕೊಟ್ಟ ನೋಡು. ಗೊತ್ತಿದ್ದಿದ್ರೆ ಇನ್ನಾರು ತಿಂಗಳು ಸತಾಯಿಸ್ತಿದ್ದ. ಮತ್ಯಾಕೆ ಹಾಗೆ ಕೂತಿದೀಯ?"

"ಅಮ್ಮಾ, ಇನ್ನು ನಂದನ್ನ ಅವನು ಓದಲ್ಲ."

"ಓದದೆ?"

"ನಾನೇ ಸೇರಿಸ್ಕೋತೀನಿ. ಅವನು ಬೈಯಲ್ಲ. 'ಸರಿ' ಅಂತಾನೂ ಬರಿಯಲ್ಲ."

ಅಮ್ಮ ಟವೆಲನ್ನು ಬಿಚ್ಚಿದಳು, ಮತ್ತೆ ಮಡಿಸಿದಳು. ಪಕ್ಕದ ಮನೆಯವರು ನಲ್ಲಿ ತಿರುಗಿಸಿದ ಸದ್ದು ಗೋಡೆಯೊಳಗಿಂದ ಹಾದುಹೋಯಿತು. ಈ ಅಧಿಕಾರಕ್ಕಾಗಿ ಆ ಗುಂಪಿನಲ್ಲಿ ವರ್ಷಗಟ್ಟಲೆ ಕಾದವರಿದ್ದರು. ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಡುವಾಗ ತಲೆಗೆ ಮೊಟಕುವುದೊಂದನ್ನು ಬಿಟ್ಟು ಬೇರೇನೂ ಕೊಡದ ಅಣ್ಣನ ಬಾಯಿಂದ ಇಂಥ ಮಾತು ಬರಲಿ ಎಂದು ಇವಳೂ ಎಷ್ಟು ಹಂಬಲಿಸಿದ್ದಳು! ಬಂದದ್ದು ಹೀಗೆ, ಎದ್ದು ಹೋಗುವವರು ಕೊಡುವ ಆಶೀರ್ವಾದದ ಹಾಗೆ.

"ನಾವು ಅಂತ ಹೇಳಿಬಿಡೇ," ಅಮ್ಮ ಮೆಲ್ಲಗೆ ಅಂದಳು.

"ಹೇಳಿದ್ಮೇಲೆ ಇದನ್ನೂ ನಿಲ್ಲಿಸಿಬಿಟ್ರೆ? ಅವತ್ತೂ ಮುಚ್ಚಿಟ್ರಿ, ಇವತ್ತೂ ಮುಚ್ಚಿಟ್ರಿ ಅಂತಾನೆ. ಏನು ಉತ್ತರ ಕೊಡ್ಲಿ?"

"ಅವರಪ್ಪನ ಹಠವೇ ಹಠ," ಎಂದಳು ಅಮ್ಮ. ಆಮೇಲೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ತನಗೆ ಓದಲು ಬಾರದ ಆ ಅಕ್ಷರಗಳನ್ನೇ ನೋಡುತ್ತಾ ಕೂತಳು. ಬೆರಳು ತಾಗಿಸಲಿಲ್ಲ, ಬಿಸಿ ಪಾತ್ರೆಯ ಹತ್ತಿರ ಹಿಡಿದ ಹಾಗೆ ಅಂಗೈಯನ್ನು ಪರದೆಯ ಮುಂದೆ ಒಂದು ಗಳಿಗೆ ಹಿಡಿದು ತೆಗೆದಳು.

ಮಗಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕ್ಷಮಿಸಿ, ಗಿಮಿಸಿ ಅಂತ ಹಾಕ್ಲಾ?"

"ಅಣ್ಣನ ಹತ್ರ ನೀನು ಯಾವತ್ತು ಅಷ್ಟು ನಯವಾಗಿದ್ದೆ?"

ಮಗಳು ಕೀಲಿಮಣೆಯ ಮೇಲೆ ಬೆರಳಿಟ್ಟಳು. ಧನ್ಯವಾದ ಬರೆಯಲಿಲ್ಲ, ಕಾರಣವನ್ನೂ ಕೊಡಲಿಲ್ಲ. ಬರೆದದ್ದನ್ನು ಕಳಿಸುವ ಮುಂಚೆ ಅಮ್ಮನಿಗೆ ಮನೆಮಾತಿನಲ್ಲಿ ಓದಿ ಹೇಳಿದಳು.

"ಒಪ್ಪಲ್ಲ. ಎಷ್ಟೇ ಹೊರೆಯಾಗಲಿ, ನನ್ನದನ್ನ ನೀವೇ ನೋಡಬೇಕು."