ಬಹುಮಾನದ ತಾಟು

ನಾನು ಈಗ ಉಣ್ಣುವ ಸ್ಟೀಲಿನ ತಾಟಿನ ಅಂಚಿನಲ್ಲಿ ಕೊರೆದ ನನ್ನ ಹೆಸರು ಬೆರಳಿಗೆ ತಾಗುತ್ತದೆ.

ಕಲ್ಲೋಳಿಯ ಶಾಲೆಯಲ್ಲಿ ಎಚ್‌ಐವಿ ಬಗ್ಗೆ ಮಾಡಿದ ಭಾಷಣಕ್ಕೆ ಸಿಕ್ಕ ಬಹುಮಾನ ಅದು. ಅದೇ ವಾರ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಗೋಕಾಕದ ದವಾಖಾನೆಯಿಂದ ಆ ಕಾಯಿಲೆಯ ಗುಳಿಗೆ ಡಬ್ಬಿ ಹಿಡಿದು ಬಂದಳು. ಅಂದು ಮಧ್ಯಾಹ್ನ ಅಜ್ಜಿ ನನ್ನ ಹೊಸ ತಾಟಿಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಹೊರಗಿನ ಕಟ್ಟೆಯ ಮೇಲಿಟ್ಟಳು.

“ಇನ್‌ಮ್ಯಾಲ ಇದು ಅಕಿದು. ಯಾರೂ ಮುಟ್ಟಬ್ಯಾಡ್ರಿ.”

“ಕೂಡಿ ಉಂಡ್ರ ಅದು ಬರೂದಿಲ್ಲ,” ಎಂದೆ.

“ಅದು ಸಾಲ್ಯಾಗ. ಇದು ಮನಿ,” ಎಂದು ಅಜ್ಜಿ ನನ್ನ ರಟ್ಟೆ ಹಿಡಿದಳು.

ಕಟ್ಟೆಯ ಮೇಲೆ ಕುಳಿತಿದ್ದ ಚಿಗವ್ವ ರೊಟ್ಟಿ ಮುರಿಯಲಿಲ್ಲ. ನನ್ನ ಹೆಸರಿನ ಮೇಲೆ ಬೆರಳಾಡಿಸುತ್ತ, “ಸಾಲ್ಯಾಗ ಏನಂತ ಭಾಷಣ ಮಾಡಿದಿ? ಒಂದ್ಸಲ ಹೇಳು, ಕೇಳ್ತೀನಿ,” ಎಂದಳು.

ನಾನು ಹೊಸ್ತಿಲ ಒಳಗೇ ನಿಂತು, ಒಂದಕ್ಷರವೂ ತಪ್ಪದೆ ಒಪ್ಪಿಸಿದೆ.